ಜಮಖಂಡಿ–ಮುಧೋಳ ಭಾಗದ ಚಹಾ ಪದ್ಧತಿ ಮತ್ತು ಚಹಾ ಪಾತ್ರೆಗಳ ಆರೈಕೆ

ಜಮಖಂಡಿ–ಮುಧೋಳ ಭಾಗದ ಚಹಾ ಪದ್ಧತಿಯು ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಚಹಾ ಕಾಸುವ, ಕುಡಿಯುವ, ಅತಿಥಿಗಳಿಗೆ ನೀಡುವ ರೂಢಿಗಳನ್ನು ಹಾಗೂ ಅದಕ್ಕೆ ಬಳಸುವ ಪಾತ್ರೆಗಳನ್ನು ಕಾಪಾಡಿಕೊಳ್ಳುವ ವಿಧಾನಗಳನ್ನು ಒಳಗೊಂಡಿದೆ. ಈ ಭಾಗದಲ್ಲಿ ಚಹಾ ಬೆಳೆಯುವುದಿಲ್ಲ. ಆದರೆ ಕಬ್ಬು, ಬೆಲ್ಲ, ಎಮ್ಮೆಯ ಹಾಲು ಮತ್ತು ಮಗ್ಗದ ಕೆಲಸ ಇಲ್ಲಿನ ಚಹಾಕ್ಕೆ ತನ್ನದೇ ಆದ ರೂಪವನ್ನು ಕೊಟ್ಟಿವೆ. ಹಲವೆಡೆ ಕೊಳವೆಬಾವಿಯ ನೀರು ಗಡಸಾಗಿರುವುದರಿಂದ ಚಹಾದ ರುಚಿಯು ಪುಡಿಯಷ್ಟೇ ನೀರು ಮತ್ತು ಪಾತ್ರೆಯ ಸ್ಥಿತಿಯನ್ನೂ ಅವಲಂಬಿಸುತ್ತದೆ. ಆದ್ದರಿಂದ ಚಹಾವನ್ನು ಹವ್ಯಾಸವಾಗಿ ಆಸ್ವಾದಿಸುವವರಿಗೆ ಪಾತ್ರೆಗಳ ಆರೈಕೆ ಆ ಹವ್ಯಾಸದ ಅರ್ಧಭಾಗವೇ ಆಗಿದೆ.

ಹೆಸರು ಮತ್ತು ಪದಬಳಕೆ

ಚಹಾ ಸಸ್ಯದ ವೈಜ್ಞಾನಿಕ ಹೆಸರು ಕ್ಯಾಮೆಲಿಯಾ ಸೈನೆನ್ಸಿಸ್. ಜಗತ್ತಿನ ಬಹುತೇಕ ಭಾಷೆಗಳಲ್ಲಿ ಈ ಪಾನೀಯದ ಹೆಸರು ಚೀನೀ ಭಾಷಾರೂಪಗಳಾದ ‘ಚಾ’ ಅಥವಾ ‘ತೆ’ ಎಂಬುದರಿಂದ ಬಂದಿದೆ. ಇಂಗ್ಲಿಷಿನ ಮೂಲಕ ಬಂದ ‘ಟೀ’ ಎಂಬ ಪದ ಹಳೆಯ ಮೈಸೂರು ಭಾಗದಲ್ಲಿ ಹೆಚ್ಚು ಬಳಕೆಯಲ್ಲಿದ್ದರೆ, ಉತ್ತರ ಕರ್ನಾಟಕದಲ್ಲಿ ಬರಹಕ್ಕೆ ‘ಚಹಾ’, ಮಾತಿಗೆ ‘ಚಾ’ ಎಂಬ ರೂಪಗಳು ನಿಂತಿವೆ. ‘ಚಹಾ’ ಎಂಬುದು ಮರಾಠಿಯಲ್ಲಿಯೂ ಇದೇ ರೂಪದಲ್ಲಿದೆ.

ಈ ಭಾಗದಲ್ಲಿ ಚಹಾಕ್ಕೆ ಸಂಬಂಧಿಸಿ ಬಳಕೆಯಲ್ಲಿರುವ ಕೆಲವು ಪದಗಳು:

- ಬಶಿ: ಕಪ್ಪಿನ ಕೆಳಗಿಡುವ ತಗ್ಗಾದ ತಟ್ಟೆ. ‘ಕಪ್ಪು-ಬಶಿ’ ಎಂಬುದು ಜೋಡಿಪದವಾಗಿ ಬಳಕೆಯಾಗುತ್ತದೆ. ‘ಬಸಿ’ ಎಂಬ ರೂಪವೂ ಇದೆ.
- ಬೋಗಾಣಿ: ಚಹಾ ಕಾಸಲು ಬಳಸುವ ಅಗಲಬಾಯಿಯ ಪಾತ್ರೆ.
- ಕಿಟಲಿ: ಅಂಗಡಿಯಿಂದ ಹೊರಗೆ ಚಹಾ ಒಯ್ಯಲು ಬಳಸುವ ಮೂತಿಯುಳ್ಳ ಪಾತ್ರೆ.
- ಭಾಂಡೆ: ಪಾತ್ರೆಗಳಿಗೆ ಒಟ್ಟಾಗಿ ಹೇಳುವ ಮಾತು.
- ಅಲ್ಲ: ಹಸಿಶುಂಠಿ.
- ಪೆಂಟೆ: ಬೆಲ್ಲದ ಉಂಡೆ ಅಥವಾ ಅಚ್ಚು.
- ಅರಿವೆ: ಬಟ್ಟೆ. ಚಹಾ ಸೋಸುವ ಬಟ್ಟೆಗೂ ಇದೇ ಹೆಸರು.

ಹಿನ್ನೆಲೆ

ಅಸ್ಸಾಮಿನಲ್ಲಿ ಬೆಳೆದ ಚಹಾ 1839ರಲ್ಲಿ ಲಂಡನ್ನಿನ ಹರಾಜಿಗೆ ಬಂದಿತು. ಆದರೆ ಭಾರತದಲ್ಲಿ ಅದು ಬಹುಕಾಲ ರಫ್ತಿನ ವಸ್ತುವಾಗಿಯೇ ಇದ್ದು, ಸಾಮಾನ್ಯ ಜನರ ಪಾನೀಯವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. 1903ರಲ್ಲಿ ಚಹಾದ ಮೇಲೆ ವಿಧಿಸಿದ ಕರದಿಂದ ನಡೆಯುತ್ತಿದ್ದ ಸಮಿತಿಯು ರೈಲು ನಿಲ್ದಾಣ, ಗಿರಣಿ ಹಾಗೂ ಕಾರ್ಖಾನೆಗಳಲ್ಲಿ ಚಹಾದ ಪ್ರಚಾರ ಕೈಗೊಂಡಿತು. ಇದಕ್ಕೆ ವಿರೋಧವೂ ಇತ್ತು. ಮಹಾತ್ಮ ಗಾಂಧಿಯವರು ಆರೋಗ್ಯದ ಕುರಿತ ತಮ್ಮ ಬರಹಗಳಲ್ಲಿ ಚಹಾ ಸೇವನೆಯನ್ನು ಒಪ್ಪಲಿಲ್ಲ. 1930ರ ದಶಕದಲ್ಲಿ ಎಲೆಯನ್ನು ಜಜ್ಜಿ, ಹರಿದು, ಸುರುಳಿಯಾಗಿಸುವ ಸಿ.ಟಿ.ಸಿ. ಯಂತ್ರ ಬಳಕೆಗೆ ಬಂದಿತು. ಇದರಿಂದ ಸಿದ್ಧವಾಗುವ ಹರಳಿನಂಥ ಪುಡಿಯು ಬೇಗನೆ ಗಾಢ ಬಣ್ಣ ಬಿಡುತ್ತದೆ. ಸ್ವಲ್ಪ ಪುಡಿಯಿಂದ ಹೆಚ್ಚು ಕಪ್ಪುಗಳು ದೊರೆಯುತ್ತವೆ. ಹಾಲು-ಸಕ್ಕರೆ ಬೆರೆಸಿದರೂ ರುಚಿ ಮಾಸುವುದಿಲ್ಲ. ಹಾಲು ಹಾಕಿ ಕುದಿಸುವ ಚಹಾ ದೇಶದಾದ್ಯಂತ ಹರಡಲು ಇದು ಮುಖ್ಯ ಕಾರಣವಾಯಿತು. 1953ರ ಚಹಾ ಕಾಯ್ದೆಯನ್ವಯ ಚಹಾ ಮಂಡಳಿ ಸ್ಥಾಪನೆಗೊಂಡಿತು.

ಜಮಖಂಡಿಯು ಪಟವರ್ಧನ ಮನೆತನದ, ಮುಧೋಳವು ಘೋರ್ಪಡೆ ಮನೆತನದ ಸಂಸ್ಥಾನಗಳಾಗಿದ್ದವು; ರಬಕವಿಯು ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. 1956ರಲ್ಲಿ ಈ ಪ್ರದೇಶವು ಮೈಸೂರು ರಾಜ್ಯಕ್ಕೆ ಸೇರಿತು. ಸಾಂಗಲಿ, ಮಿರಜ, ಕೊಲ್ಲಾಪುರ, ಪುಣೆಗಳೊಂದಿಗಿನ ದೀರ್ಘಕಾಲದ ವ್ಯಾಪಾರ ಹಾಗೂ ಆಡಳಿತ ಸಂಬಂಧದ ಗುರುತು ಇಲ್ಲಿನ ಚಹಾದ ಪದಗಳಲ್ಲಿ ಇಂದಿಗೂ ಉಳಿದಿದೆ. ರಬಕವಿ-ಬನಹಟ್ಟಿಯು ಕೈಮಗ್ಗ ಮತ್ತು ವಿದ್ಯುತ್ ಮಗ್ಗಗಳ ಸೀರೆಗೆ ಹೆಸರಾದ ಊರು. ಮಹಾಲಿಂಗಪುರವು ಬೆಲ್ಲದ ದೊಡ್ಡ ಮಾರುಕಟ್ಟೆ. ಮಗ್ಗದ ಮನೆ, ಬೆಲ್ಲದ ಗಾಣ, ಕಬ್ಬು ಕಟಾವಿನ ಹೊಲ — ಇವೆಲ್ಲವೂ ದಿನದಲ್ಲಿ ಹಲವು ಬಾರಿ ಚಹಾ ಬೇಡುವ ಕೆಲಸದ ತಾಣಗಳಾಗಿವೆ.

ನೀರಿನ ಗುಣ

ಬಾಗಲಕೋಟೆ ಜಿಲ್ಲೆಯ ಒಂದು ಭಾಗದಲ್ಲಿ ಕಲಾದಗಿ ಶಿಲಾಸಮೂಹದ ಸುಣ್ಣಕಲ್ಲು ಮತ್ತು ಡಾಲಮೈಟ್ ಹರಡಿದೆ. ಮುಧೋಳ ತಾಲ್ಲೂಕಿನ ಲೋಕಾಪುರ, ಮುದ್ದಾಪುರ ಸುತ್ತಲಿನ ಸುಣ್ಣಕಲ್ಲು ಸಿಮೆಂಟ್ ಉದ್ಯಮಕ್ಕೆ ಆಧಾರವಾಗಿದೆ. ಇಂಥ ನೆಲದ ಕೊಳವೆಬಾವಿಯ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿರುತ್ತವೆ. ಜಮಖಂಡಿ-ಬೀಳಗಿ ಬದಿಯ ಕೃಷ್ಣಾ ನದಿಯ ನೀರು ಮತ್ತು ಮುಧೋಳದ ಘಟಪ್ರಭಾ ನದಿಯ ನೀರು ಸಾಮಾನ್ಯವಾಗಿ ಇದಕ್ಕಿಂತ ಮೆದುವಾಗಿರುತ್ತದೆ.

ಗಡಸು ನೀರು ಚಹಾದ ಮೇಲೆ ಮೂರು ಬಗೆಯಲ್ಲಿ ಪರಿಣಾಮ ಬೀರುತ್ತದೆ. ಮೊದಲನೆಯದಾಗಿ, ಹಾಲಿಲ್ಲದ ಚಹಾದ ಬಣ್ಣ ಮಂಕಾಗಿ, ಪರಿಮಳ ತಗ್ಗುತ್ತದೆ. ಎರಡನೆಯದಾಗಿ, ಚಹಾದಲ್ಲಿರುವ ಪಾಲಿಫಿನಾಲ್‌ಗಳು ಗಾಳಿಯ ಸಂಪರ್ಕದಲ್ಲಿ ಕ್ಯಾಲ್ಸಿಯಂ ಹಾಗೂ ಬೈಕಾರ್ಬೊನೇಟಿನೊಂದಿಗೆ ಸೇರಿ ಮೇಲ್ಮೈಯಲ್ಲಿ ತೆಳುವಾದ ಕಂದು ಪೊರೆಯಾಗುತ್ತವೆ. ಕಪ್ಪಿನ ಒಳಬದಿಯಲ್ಲಿ ಉಂಗುರದಂತೆ ಕಾಣುವ ಕಲೆ ಈ ಪೊರೆಯದೇ. ಲಿಂಬೆರಸ ಹಿಂಡಿದ ಚಹಾದಲ್ಲಿ ಪೊರೆ ಕಟ್ಟದಿರುವುದು ಆಮ್ಲದ ಕಾರಣದಿಂದ. ಮೂರನೆಯದಾಗಿ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಸುಣ್ಣದ ಪದರ ಕಟ್ಟುತ್ತದೆ. ಈ ಪದರ ಶಾಖವನ್ನು ತಡೆಯುವುದರಿಂದ ನೀರು ಕಾಯಲು ಹೆಚ್ಚು ಉರುವಲು ಬೇಕಾಗುತ್ತದೆ.

ನೀರನ್ನು ಮೊದಲು ಕುದಿಸಿ, ತಣಿಸಿ, ತಳದಲ್ಲಿ ಕೂತ ಕಲ್ಮಷವನ್ನು ಬಿಟ್ಟು ಮೇಲಿನ ತಿಳಿಯನ್ನು ಚಹಾಕ್ಕೆ ಬಳಸುವುದು ಸರಳ ಪರಿಹಾರ. ಕುದಿಸಿದಾಗ ಬೈಕಾರ್ಬೊನೇಟಿನಿಂದಾದ ತಾತ್ಕಾಲಿಕ ಗಡಸುತನ ಮಾತ್ರ ಇಳಿಯುತ್ತದೆ. ಸಲ್ಫೇಟಿನಿಂದಾದ ಗಡಸುತನ ಉಳಿಯುತ್ತದೆ.

ತಯಾರಿಕೆ

ಮನೆಗಳಲ್ಲಿ ನೀರು, ಚಹಾಪುಡಿ ಮತ್ತು ಸಕ್ಕರೆಯನ್ನು ಕುದಿಸಿ, ಹಾಲು ಬೆರೆಸಿ, ಮತ್ತೆ ಉಕ್ಕಿಸಿ ಸೋಸುವುದು ಸಾಮಾನ್ಯ ಕ್ರಮ. ಅಲ್ಲ, ಏಲಕ್ಕಿ ಅಥವಾ ಗವತಿ ಚಹಾ ಎಂದು ಕರೆಯುವ ನಿಂಬೆಹುಲ್ಲನ್ನು ಪರಿಮಳಕ್ಕಾಗಿ ಸೇರಿಸುವುದುಂಟು. ನಿಂಬೆಹುಲ್ಲು ಚಹಾ ಸಸ್ಯಕ್ಕೆ ಸಂಬಂಧಿಸಿದ್ದಲ್ಲ. ಅದು ಹುಲ್ಲಿನ ಕುಟುಂಬಕ್ಕೆ ಸೇರಿದೆ.

ಹಸಿ ಅಲ್ಲವನ್ನು ಹಾಲಿಗೆ ನೇರವಾಗಿ ಹಾಕಿದರೆ ಹಾಲು ಒಡೆಯುವ ಸಂಭವವಿದೆ. ಅಲ್ಲದಲ್ಲಿರುವ ಪ್ರೋಟೀನ್ ಕರಗಿಸುವ ಕಿಣ್ವವೇ ಇದಕ್ಕೆ ಕಾರಣ. ಜಜ್ಜಿದ ಅಲ್ಲವನ್ನು ಮೊದಲು ನೀರಿನಲ್ಲಿ ಚೆನ್ನಾಗಿ ಕುದಿಸಿದರೆ ಕಿಣ್ವವು ನಿಷ್ಕ್ರಿಯವಾಗುತ್ತದೆ. ಆನಂತರ ಹಾಲು ಹಾಕಬಹುದು.

ಬೆಲ್ಲದ ಚಹಾ

ಕಬ್ಬಿನ ಸೀಮೆಯಾದ ಇಲ್ಲಿ ಬೆಲ್ಲದ ಚಹಾಕ್ಕೆ ವಿಶೇಷ ಸ್ಥಾನವಿದೆ. ಇದನ್ನು ಕಾಸುವಾಗ ಎದುರಾಗುವ ಮುಖ್ಯ ತೊಂದರೆ ಹಾಲು ಒಡೆಯುವುದು. ಬೆಲ್ಲವು ಸ್ವಲ್ಪಮಟ್ಟಿಗೆ ಆಮ್ಲೀಯವಾಗಿದ್ದು, ಅದರಲ್ಲಿ ಖನಿಜ ಲವಣಗಳೂ ಇರುತ್ತವೆ. ತಣ್ಣಗಿನ ಹಾಲು ತಾಳಿಕೊಳ್ಳುವಷ್ಟು ಆಮ್ಲವನ್ನು ಕುದಿಯುವ ಹಾಲು ತಾಳಿಕೊಳ್ಳುವುದಿಲ್ಲ. ತೇವ ಹಿಡಿದು ಹುಳಿಯಾದ ಹಳೆಯ ಬೆಲ್ಲದಲ್ಲಿ ಈ ತೊಂದರೆ ಹೆಚ್ಚು. ಆದ್ದರಿಂದ ಕೆಳಗಿನ ಕ್ರಮವನ್ನು ಅನುಸರಿಸಲಾಗುತ್ತದೆ:

1. ನೀರಿಗೆ ಚಹಾಪುಡಿ ಮತ್ತು ಅಲ್ಲ ಹಾಕಿ ಕುದಿಸುವುದು.
2. ಪೆಂಟೆಯಿಂದ ಕುಟ್ಟಿ ತೆಗೆದ ಬೆಲ್ಲವನ್ನು ಅದೇ ನೀರಿನಲ್ಲಿ ಪೂರ್ತಿ ಕರಗಿಸುವುದು.
3. ಹಾಲನ್ನು ಬೇರೆ ಪಾತ್ರೆಯಲ್ಲಿ ಕಾಸಿಟ್ಟುಕೊಳ್ಳುವುದು.
4. ಒಲೆ ಆರಿಸಿ, ಸೋಸಿದ ಚಹಾಕ್ಕೆ ಬಿಸಿ ಹಾಲನ್ನು ಬೆರೆಸುವುದು.
5. ಬೆರೆಸಿದ ಮೇಲೆ ಮತ್ತೆ ಕುದಿಸದಿರುವುದು.

ಬೆಲ್ಲದ ಬಣ್ಣವನ್ನು ತಿಳಿಗೊಳಿಸಲು ಕೆಲವೆಡೆ ಸೋಡಿಯಂ ಹೈಡ್ರೋಸಲ್ಫೈಟ್ ಬಳಸುವುದರಿಂದ, ಕಡು ಕಂದು ಬಣ್ಣದ ಬೆಲ್ಲವನ್ನೇ ಚಹಾಕ್ಕೆ ಆರಿಸಿಕೊಳ್ಳುವವರಿದ್ದಾರೆ.

ಪಾತ್ರೆಗಳು ಮತ್ತು ಅವುಗಳ ಆರೈಕೆ

ತಾಮ್ರ ಮತ್ತು ಹಿತ್ತಾಳೆ

ಹಳೆಯ ಮನೆಗಳಲ್ಲಿ ಚಹಾಕ್ಕೆ ತಾಮ್ರ ಇಲ್ಲವೇ ಹಿತ್ತಾಳೆಯ ಬೋಗಾಣಿ ಬಳಸಿದ್ದರೆ ಅದರ ಒಳಬದಿಗೆ ಕಲಾಯಿ ಮಾಡಿಸಿರುತ್ತಾರೆ. ಹುಳಿ ಪದಾರ್ಥಗಳು ತಾಮ್ರವನ್ನು ಕರಗಿಸುವುದರಿಂದ ಈ ಲೇಪನ ಅಗತ್ಯ. ಕಲಾಯಿಗಾರನು ಪಾತ್ರೆಯನ್ನು ಉಜ್ಜಿ, ಇದ್ದಲಿನ ಒಲೆಯ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಕರಗಿದ ತವರವನ್ನು ಹತ್ತಿಯ ಉಂಡೆಯಿಂದ ಒಳಬದಿಗೆಲ್ಲ ಸವರುತ್ತಾನೆ. ನವಸಾಗರವು ಲೋಹದ ಮೇಲಿನ ಆಕ್ಸೈಡ್ ಪದರವನ್ನು ತೆಗೆಯುವುದರಿಂದ ತವರ ಹಿಡಿಯುತ್ತದೆ. ಈ ಕೆಲಸಕ್ಕೆ ಶುದ್ಧ ತವರವೇ ಬೇಕು. ಸೀಸ ಬೆರೆತ ತವರದಿಂದ ಮಾಡಿದ ಕಲಾಯಿ ಆರೋಗ್ಯಕ್ಕೆ ಅಪಾಯಕಾರಿ.

ತವರವು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಪಾತ್ರೆಯಲ್ಲಿ ನೀರಿರುವವರೆಗೆ ಶಾಖ ಅಷ್ಟಕ್ಕೆ ಏರುವುದಿಲ್ಲ. ಬರಿದಾದ ಪಾತ್ರೆಯನ್ನು ಒಲೆಯ ಮೇಲೆ ಬಿಟ್ಟರೆ ಕಲಾಯಿ ಕರಗಿ ಒಂದೆಡೆ ಸೇರುತ್ತದೆ. ಒಳಬದಿಯನ್ನು ಮರಳು, ಬೂದಿ ಅಥವಾ ತಂತಿ ಉಜ್ಜುಗದಿಂದ ತಿಕ್ಕಬಾರದು. ಮೆತ್ತನೆಯ ಅರಿವೆ ಸಾಕು. ಹೊರಬದಿಗೆ ಹುಣಸೆಹಣ್ಣು ಮತ್ತು ಉಪ್ಪು ಹಚ್ಚಿ ತಿಕ್ಕಿ, ಕೂಡಲೇ ನೀರಿನಿಂದ ತೊಳೆದು ಒರೆಸಬೇಕು. ಹುಳಿ ಉಳಿದರೆ ಮರುದಿನವೇ ಕಲೆ ಮೂಡುತ್ತದೆ. ಒಳಗಿನ ಬೆಳ್ಳನೆಯ ಪದರ ಸವೆದು ಕೆಂಪು ಅಥವಾ ಹಳದಿ ಲೋಹ ಕಾಣತೊಡಗಿದರೆ, ಮತ್ತೆ ಕಲಾಯಿ ಮಾಡಿಸುವವರೆಗೆ ಆ ಪಾತ್ರೆಯಲ್ಲಿ ಚಹಾ ಕಾಸಬಾರದು. ಸ್ಟೀಲ್ ಪಾತ್ರೆಗಳು ಬಂದ ಮೇಲೆ ಓಣಿಗಳಲ್ಲಿ ಸುತ್ತುವ ಕಲಾಯಿಗಾರರು ವಿರಳವಾಗಿದ್ದಾರೆ. ಹೀಗಾಗಿ ಹಳೆಯ ಬೋಗಾಣಿಯನ್ನು ಚಹಾಕ್ಕೆ ಬಳಸುವುದು ಕಲಾಯಿಗಾರ ಸಿಗುವ ಊರುಗಳಲ್ಲಷ್ಟೇ ಸಾಧ್ಯವಾಗಿ ಉಳಿದಿದೆ.

ಅಲ್ಯುಮಿನಿಯಂ

ಚಹಾದಂಗಡಿಯ ಕಿಟಲಿಗಳು ಹೆಚ್ಚಾಗಿ ಅಲ್ಯುಮಿನಿಯಂನವು. ಕ್ಷಾರವು ಈ ಲೋಹವನ್ನು ತಿನ್ನುವುದರಿಂದ ವಾಷಿಂಗ್ ಸೋಡಾ ಅಥವಾ ಬೂದಿಯ ನೀರನ್ನು ಬಳಸುವುದು ಸರಿಯಲ್ಲ. ಗಡಸು ನೀರು ಕಾಸಿ ಒಳಬದಿ ಕಪ್ಪಾಗಿದ್ದರೆ, ನೀರಿಗೆ ಲಿಂಬೆಹಣ್ಣಿನ ಹೋಳು ಹಾಕಿ ಸ್ವಲ್ಪ ಹೊತ್ತು ಕುದಿಸಿದರೆ ಬಣ್ಣ ತಿಳಿಯಾಗುತ್ತದೆ. ಕಿಟಲಿಯ ಮೂತಿಯಲ್ಲಿ ಹಾಲಿನ ಅಂಶ ಕೂತು ಹುಳಿಯುವುದರಿಂದ, ದಿನದ ಕೊನೆಗೆ ಸಣ್ಣ ಬ್ರಷ್ಷಿನಿಂದ ಮೂತಿಯನ್ನು ತೊಳೆದು, ಬಾಯಿ ತೆರೆದಿಟ್ಟು ಒಣಗಿಸುವುದು ಅವಶ್ಯ.

ಸ್ಟೀಲ್

ಸ್ಟೀಲ್ ಪಾತ್ರೆಯ ಚಹಾಕಲೆಗೆ ಅಡುಗೆ ಸೋಡಾವನ್ನು ಸ್ವಲ್ಪ ನೀರಿನಲ್ಲಿ ಕಲಸಿ ಹಚ್ಚಿ ತಿಕ್ಕಿದರೆ ಸಾಕು. ತಳದಲ್ಲಿ ಕಟ್ಟಿದ ಸುಣ್ಣದ ಪದರಕ್ಕೆ ಸೋಡಾ ಕೆಲಸ ಮಾಡುವುದಿಲ್ಲ. ಅದಕ್ಕೆ ಆಮ್ಲ ಬೇಕು. ಲಿಂಬೆರಸ ಅಥವಾ ನಿಂಬೆ ಉಪ್ಪು ಬೆರೆಸಿದ ಬಿಸಿನೀರನ್ನು ಅರ್ಧ ಗಂಟೆ ಬಿಟ್ಟರೆ ಪದರ ಸಡಿಲಗೊಳ್ಳುತ್ತದೆ. ಹುಣಸೆಹಣ್ಣಿನ ಆಮ್ಲವು ಸುಣ್ಣದೊಂದಿಗೆ ಸೇರಿ ಸುಲಭವಾಗಿ ಕರಗದ ಲವಣವಾಗುವುದರಿಂದ ಇಲ್ಲಿ ಅದು ಲಿಂಬೆಯಷ್ಟು ಪರಿಣಾಮಕಾರಿಯಲ್ಲ. ಕಲೆಗೆ ಸೋಡಾ, ಸುಣ್ಣಕ್ಕೆ ಲಿಂಬೆ, ಹಿತ್ತಾಳೆಗೆ ಹುಣಸೆ ಎಂದು ಇದನ್ನು ನೆನಪಿಡಬಹುದು.

ಪಿಂಗಾಣಿ ಕಪ್ಪು-ಬಶಿ

ಪಿಂಗಾಣಿಯು ರುಚಿಯನ್ನು ಹೀರುವುದಿಲ್ಲ, ಬಿಡುವುದೂ ಇಲ್ಲ. ಆದ್ದರಿಂದ ಚಹಾದ ನಿಜವಾದ ರುಚಿ ತಿಳಿಯಲು ವೃತ್ತಿಪರ ಪರೀಕ್ಷಕರೂ ಬಿಳಿಯ ಪಿಂಗಾಣಿಯನ್ನೇ ಬಳಸುತ್ತಾರೆ. ಚಳಿಗಾಲದ ಬೆಳಿಗ್ಗೆ ತಣ್ಣಗಿರುವ ಕಪ್ಪಿಗೆ ಕುದಿಯುವ ಚಹಾ ಸುರಿದರೆ ಅದು ಸೀಳಬಹುದು. ಮೊದಲು ಬೆಚ್ಚಗಿನ ನೀರು ಹಾಕಿ ಚೆಲ್ಲುವುದು ಒಳ್ಳೆಯದು. ಬಂಗಾರದ ಅಂಚಿರುವ ಕಪ್ಪುಗಳನ್ನು ಒರಟು ಪುಡಿಯಿಂದ ತಿಕ್ಕಬಾರದು. ಕೂದಲೆಳೆಯ ಬಿರುಕಿನಲ್ಲಿ ಚಹಾ ಮತ್ತು ಹಾಲು ಇಳಿದು ಕೊಳೆ ನಿಲ್ಲುವುದರಿಂದ, ಬಿರುಕು ಬಿಟ್ಟ ಕಪ್ಪನ್ನು ಕುಡಿಯಲು ಬಳಸದೆ ಬೇರೆ ಉಪಯೋಗಕ್ಕೆ ಇಡಲಾಗುತ್ತದೆ. ಕಪ್ಪುಗಳನ್ನು ಒಂದರೊಳಗೊಂದು ಇಡುವಾಗ ನಡುವೆ ಕಾಗದ ಅಥವಾ ಅರಿವೆ ಹಾಕಿದರೆ ಅಂಚು ಒಡೆಯುವುದಿಲ್ಲ. ಹಿಡಿಕೆಗೆ ಭಾರ ಬೀಳಬಾರದು.

ಮಣ್ಣು

ಮೆರುಗು ಲೇಪಿಸದ ಮಣ್ಣಿನ ಪಾತ್ರೆಗಳು ಚಹಾವನ್ನು ಸ್ವಲ್ಪ ಹೀರುತ್ತವೆ. ಚೀನಾದ ಯಿಷಿಂಗ್ ಎಂಬಲ್ಲಿಯ ಮಣ್ಣಿನ ಚಹಾಪಾತ್ರೆಗಳನ್ನು ಇದೇ ಕಾರಣಕ್ಕೆ ಸಾಬೂನಿನಿಂದ ತೊಳೆಯುವುದಿಲ್ಲ. ಒಂದು ಪಾತ್ರೆಯನ್ನು ಒಂದೇ ಬಗೆಯ ಚಹಾಕ್ಕೆ ಮೀಸಲಿಡುತ್ತಾರೆ. ಅಲ್ಲಿ ಹಾಲು ಬಳಸದಿರುವುದರಿಂದ ಈ ಕ್ರಮ ಸಾಧ್ಯ. ಹಾಲಿನ ಚಹಾಕ್ಕೆ ಇಂಥ ಪಾತ್ರೆಯನ್ನು ಮತ್ತೆ ಮತ್ತೆ ಬಳಸಿದರೆ ಹಾಲಿನ ಅಂಶ ಒಳಗೆ ಹುಳಿತು ವಾಸನೆ ಹಿಡಿಯುತ್ತದೆ.

ಸೋಸುವ ಅರಿವೆ ಮತ್ತು ಚಹಾಪುಡಿಯ ಡಬ್ಬಿ

ಸೋಸುವ ಅರಿವೆಯನ್ನು ಬಳಸಿದ ಕೂಡಲೇ ತಣ್ಣೀರಿನಲ್ಲಿ ಜಾಲಿಸಿ, ದಿನಕ್ಕೊಮ್ಮೆ ಕುದಿನೀರಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಬೇಕು. ಪರಿಮಳದ ಸಾಬೂನು ಬಳಸಿದರೆ ಆ ವಾಸನೆ ಚಹಾಕ್ಕೆ ಇಳಿಯುತ್ತದೆ. ಚಹಾಪುಡಿಯು ಸುತ್ತಲಿನ ವಾಸನೆಯನ್ನೂ ತೇವವನ್ನೂ ಬೇಗ ಹೀರುವುದರಿಂದ, ಅದನ್ನು ಮಸಾಲೆ ಖಾರ, ಇಂಗು, ಬೆಳ್ಳುಳ್ಳಿಗಳಿಂದ ದೂರ, ಬಿಗಿಮುಚ್ಚಳದ ಡಬ್ಬಿಯಲ್ಲಿ, ಒಲೆಯ ಬಿಸಿ ತಾಗದ ಕಡೆ ಇಡಬೇಕು. ಒದ್ದೆ ಚಮಚ ಹಾಕಬಾರದು.

ಕುಡಿಯುವ ರೂಢಿ

ಮನೆಗೆ ಬಂದವರನ್ನು ‘ಚಾ ಕುಡದು ಹೋಗ್ರಿ’ ಎಂದು ಕೂರಿಸುವುದು ಈ ಭಾಗದ ಸಾಮಾನ್ಯ ಉಪಚಾರ. ಚಹಾವನ್ನು ಕಪ್ಪಿನಿಂದ ಬಶಿಗೆ ಸುರಿದು ಕುಡಿಯುವುದು ಹಿರಿಯರಲ್ಲಿ ರೂಢಿಯಲ್ಲಿದೆ. ಬಶಿಯಲ್ಲಿ ಚಹಾ ತೆಳುವಾಗಿ ಹರಡುವುದರಿಂದ ಬೇಗ ಆರುತ್ತದೆ. ಮಗ್ಗ ಅಥವಾ ಹೊಲದ ಕೆಲಸಕ್ಕೆ ಮರಳಬೇಕಾದವರಿಗೆ ಇದು ಅನುಕೂಲ. ಹದಿನೆಂಟನೆಯ ಶತಮಾನದ ಯುರೋಪಿನಲ್ಲಿಯೂ ಹೀಗೆ ಕುಡಿಯುವ ರೂಢಿ ಇತ್ತು. ಒಂದು ಚಹಾವನ್ನು ಇಬ್ಬರು ಹಂಚಿಕೊಳ್ಳುವಾಗ ಒಬ್ಬರಿಗೆ ಕಪ್ಪು, ಮತ್ತೊಬ್ಬರಿಗೆ ಬಶಿ ದೊರೆಯುತ್ತದೆ. ಅಂಗಡಿಗಳಲ್ಲಿ ಸಣ್ಣ ಗಾಜಿನ ಗ್ಲಾಸು ಮತ್ತು ಕಾಗದದ ಕಪ್ಪು ಬಂದ ಮೇಲೆ ಬಶಿಯ ಬಳಕೆ ಇಳಿಮುಖವಾಗಿದೆ.

ಪಾತ್ರೆ ಮತ್ತು ಸಾಮಾಜಿಕ ಸಮಾನತೆ

ಚಹಾದಂಗಡಿಯು ಎಲ್ಲ ಜಾತಿಯವರೂ ಒಂದೇ ಒಲೆಯ ಪಾನೀಯ ಕುಡಿಯುವ ತಾಣವಾಗಿ ಬೆಳೆದರೂ, ದೇಶದ ಅನೇಕ ಹಳ್ಳಿಗಳಲ್ಲಿ ದಲಿತರಿಗೆ ಪ್ರತ್ಯೇಕ ಕಪ್ಪು ಅಥವಾ ಗ್ಲಾಸು ಇಡುವ, ಅದನ್ನು ಅವರಿಂದಲೇ ತೊಳೆಸುವ ಪದ್ಧತಿ ನಡೆದುಬಂದಿತ್ತು. ಕರ್ನಾಟಕವೂ ಇದಕ್ಕೆ ಹೊರತಾಗಿರಲಿಲ್ಲ. ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಪಡಿಸಿದೆ; 15ನೆಯ ವಿಧಿಯು ಅಂಗಡಿ, ಉಪಾಹಾರಗೃಹಗಳ ಪ್ರವೇಶದಲ್ಲಿ ಜಾತಿಯ ಆಧಾರದ ನಿರ್ಬಂಧವನ್ನು ನಿಷೇಧಿಸುತ್ತದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೆಯ ಕಲಮು ಸಾರ್ವಜನಿಕ ಉಪಾಹಾರಗೃಹಗಳಲ್ಲಿ ಇಟ್ಟಿರುವ ಪಾತ್ರೆಗಳ ಬಳಕೆಯನ್ನು ಅಸ್ಪೃಶ್ಯತೆಯ ಕಾರಣಕ್ಕೆ ನಿರಾಕರಿಸುವುದನ್ನು ಸ್ಪಷ್ಟವಾಗಿ ಹೆಸರಿಸಿ ಶಿಕ್ಷಾರ್ಹ ಅಪರಾಧವಾಗಿಸಿದೆ. ಕಾಗದದ ಕಪ್ಪಿನಿಂದ ಈ ಭೇದ ಕಣ್ಣಿಗೆ ಕಾಣದಂತಾಗಬಹುದು. ಆದರೆ ಒಂದೇ ಸಾಲಿನಲ್ಲಿ ತೊಳೆದಿಟ್ಟ ಕಪ್ಪುಗಳನ್ನು ಎಲ್ಲರೂ ಎತ್ತಿಕೊಳ್ಳುವುದೇ ಈ ಕಾನೂನಿನ ಆಶಯವಾಗಿದೆ. ಆ ದೃಷ್ಟಿಯಿಂದ ಅಂಗಡಿಯ ಕಪ್ಪುಗಳನ್ನು ಕುದಿನೀರಿನಲ್ಲಿ ಸ್ವಚ್ಛವಾಗಿ ತೊಳೆಯುವುದು ನೈರ್ಮಲ್ಯದ ಜೊತೆಗೆ ಸಮಾನತೆಯ ವಿಷಯವೂ ಹೌದು.

ಬಳಸಿ ಎಸೆಯುವ ಕಪ್ಪುಗಳು

ಕರ್ನಾಟಕ ಸರ್ಕಾರವು 2016ರಲ್ಲಿ ಪ್ಲಾಸ್ಟಿಕ್ ಚೀಲ, ಕಪ್ಪು, ತಟ್ಟೆ ಮೊದಲಾದವನ್ನು ನಿಷೇಧಿಸಿತು. ಪ್ಲಾಸ್ಟಿಕ್ ಕಪ್ಪುಗಳೂ ಸೇರಿದಂತೆ ಏಕಬಳಕೆಯ ಹಲವು ವಸ್ತುಗಳ ಮೇಲೆ 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧ ಜಾರಿಗೆ ಬಂದಿತು. ಇವುಗಳ ಬದಲಿಗೆ ಬಂದ ಕಾಗದದ ಕಪ್ಪುಗಳ ಒಳಬದಿಗೆ ಸಾಮಾನ್ಯವಾಗಿ ತೆಳುವಾದ ಪ್ಲಾಸ್ಟಿಕ್ ಲೇಪನವಿರುತ್ತದೆ. 2020ರಲ್ಲಿ ಖರಗ್‌ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು, 100 ಮಿ.ಲೀ. ಬಿಸಿ ದ್ರವವು ಇಂಥ ಕಪ್ಪಿನಲ್ಲಿ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುಗಡೆಯಾಗುತ್ತವೆಂದು ವರದಿ ಮಾಡಿದರು. ಬಿಸಿ ಚಹಾವನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಡುವ ಬದಲು ಗಿರಾಕಿಯು ತಂದ ಕಿಟಲಿ ಅಥವಾ ಥರ್ಮಾಸಿಗೆ ಹಾಕಿಕೊಡುವುದು ಸುರಕ್ಷಿತ ಪರ್ಯಾಯವಾಗಿದೆ.

ಆರೋಗ್ಯ

ಚಹಾದ ಪಾಲಿಫಿನಾಲ್‌ಗಳು ಆಹಾರದಲ್ಲಿರುವ ಕಬ್ಬಿಣಾಂಶದೊಂದಿಗೆ ಸೇರಿ ಅದು ದೇಹಕ್ಕೆ ದಕ್ಕದಂತೆ ಮಾಡುತ್ತವೆ. ಜೋಳದ ರೊಟ್ಟಿ, ಕಾಳು, ಸೊಪ್ಪಿನ ಊಟವನ್ನೇ ನೆಚ್ಚಿದವರಲ್ಲಿ, ವಿಶೇಷವಾಗಿ ರಕ್ತಹೀನತೆಯುಳ್ಳ ಮಹಿಳೆಯರಲ್ಲಿ, ಇದು ಗಮನಿಸಬೇಕಾದ ಸಂಗತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು ಊಟಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಚಹಾ-ಕಾಫಿ ಸೇವಿಸದಿರಲು ಸಲಹೆ ನೀಡಿದೆ. ದಿನವೊಂದಕ್ಕೆ ಕೆಫೀನ್ ಪ್ರಮಾಣ 300 ಮಿ.ಗ್ರಾಂ. ಮೀರಬಾರದೆಂದೂ, ಒಂದು ಕಪ್ಪು ಚಹಾದಲ್ಲಿ 30ರಿಂದ 65 ಮಿ.ಗ್ರಾಂ. ಕೆಫೀನ್ ಇರುತ್ತದೆಂದೂ ತಿಳಿಸಿದೆ. ಬೆಲ್ಲದ ಚಹಾವು ಸಕ್ಕರೆಯ ಚಹಾಕ್ಕಿಂತ ನಿರುಪದ್ರವಿ ಎಂಬ ನಂಬಿಕೆ ಪ್ರಚಲಿತವಾಗಿದ್ದರೂ ಬೆಲ್ಲದ ಬಹುಭಾಗ ಸಕ್ಕರೆಯೇ ಆಗಿದೆ. ಮಧುಮೇಹಿಗಳಿಗೆ ಎರಡರಲ್ಲೂ ಮಿತಿ ಅಗತ್ಯ.

ಇವನ್ನೂ ನೋಡಿ

- ಚಹಾ
- ಬೆಲ್ಲ
- ಕಲಾಯಿ
- ಗಡಸು ನೀರು
- ಜಮಖಂಡಿ
- ಮುಧೋಳ
- ಬೀಳಗಿ
- ರಬಕವಿ-ಬನಹಟ್ಟಿ